ಆ ಎರಡು ದಿನ ಡ್ಯೂಟಿ ಯಾರದ್ದು?

ಉತ್ತರ ಕನ್ನಡದಲ್ಲಿ ಒಂದು ವೈದ್ಯಕೀಯ ಸಮ್ಮೇಳನ ಕಟ್ಟಿದ ಪ್ರಕರಣ

ತುರ್ತು ಚಿಕಿತ್ಸೆಯ ಬಗ್ಗೆ ಎರಡು ದಿನದ ಸಮ್ಮೇಳನವನ್ನು ನಮ್ಮ ಜಿಲ್ಲೆಯಲ್ಲೇ ಮಾಡೋಣ ಎಂಬ ಮಾತು ಬಂದಾಗ, ಯಾರೂ ಕೇಳುವ ಮೊದಲೇ ನಾನು ಕೈ ಎತ್ತಿದ್ದೆ. ಶಿರಸಿಯಲ್ಲಿ ಸಣ್ಣ ನರ್ಸಿಂಗ್ ಹೋಂ ನೋಡಿಕೊಂಡಿರುವ ಫಿಸಿಶಿಯನ್ ನಾನು. ಸಮ್ಮೇಳನ ಅಂದರೆ ಇಷ್ಟು ವರ್ಷ ನಮಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ ಬರುವ ಕೆಲಸ. ರಾತ್ರಿ ಬಸ್ಸು, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಉಪನ್ಯಾಸ, ಮತ್ತೆ ರಾತ್ರಿ ಬಸ್ಸು. ನಮ್ಮ ಹತ್ತಿರವೇ ಆಗುತ್ತದೆ ಅಂದರೆ ಯಾರಿಗೆ ಬೇಡ, ಅಲ್ವಾ?

ಅಲ್ಲಿ ಯಾರು ಏನು ಮಾತಾಡಿದರು ಎನ್ನುವುದನ್ನು ಇಲ್ಲಿ ಬರೆಯುತ್ತಿಲ್ಲ. ತಯಾರಿಯ ಏಳು ತಿಂಗಳಲ್ಲಿ ಒಂದೇ ಒಂದು ಪ್ರಶ್ನೆ ನಮ್ಮ ಲೆಕ್ಕವನ್ನೆಲ್ಲ ಹೇಗೆ ತಿರುಗಿಸಿತು, ನಾವು ಏನು ಮಾಡಿದೆವು, ಎಲ್ಲಿ ತಪ್ಪಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಸಣ್ಣ ಊರುಗಳಲ್ಲಿ ಇಂಥ ಕೆಲಸಕ್ಕೆ ಸ್ವಯಂಸೇವಕರಾಗಿ ನಿಲ್ಲುವವರಿಗೆ ಉಪಯೋಗ ಆದೀತು.

ಮೊದಲ ಸಭೆ

ಜುಲೈ ತಿಂಗಳು. ಕುಮಟಾದಲ್ಲಿ ಹಿರಿಯ ಡಾಕ್ಟರೊಬ್ಬರ ಮನೆಯ ಜಗಲಿಯಲ್ಲಿ ಒಂಬತ್ತು ಜನ ಸೇರಿದ್ದೆವು. ಎಂಟು ಜನ ಡಾಕ್ಟರು, ಒಬ್ಬರು ಸಿಸ್ಟರ್. ಘಟ್ಟದ ಮೇಲಿನ ತಾಲ್ಲೂಕು ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವರು ಅವರು. ಕಾರ್ಯಾಗಾರದ ದಿನ ಸಾಮಾನು ಜೋಡಿಸಿಕೊಡಲಿ ಅಂತ ನಾನೇ ಕರೆದುಕೊಂಡು ಹೋಗಿದ್ದೆ.

ಮಾತು ಎಲ್ಲ ಕಡೆ ಶುರುವಾಗುವ ಹಾಗೇ ಶುರುವಾಯಿತು. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು, ಖಜಾಂಚಿ ಯಾರು. ಗೋಕರ್ಣದ ರೆಸಾರ್ಟಿನಲ್ಲಿ ಇಟ್ಟುಕೊಂಡರೆ ಹೊರಗಿನವರು ಜಾಸ್ತಿ ಬರುತ್ತಾರೆ ಎಂದು ಒಬ್ಬರು. ಮುರ್ಡೇಶ್ವರ ಚೆನ್ನ ಎಂದು ಇನ್ನೊಬ್ಬರು. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ, ಸಭಾಂಗಣ ಸಿಗುತ್ತದೆ ಎಂದು ಮತ್ತೊಬ್ಬರು. ಹೀಗೆ ಒಂದು ಗಂಟೆ ಹೋಯಿತು. ಜಿಲ್ಲೆಯ ತುರ್ತು ವಿಭಾಗದಲ್ಲಿ ದುಡಿಯುವ ಎಲ್ಲರೂ ಬರಬೇಕು, ಒಬ್ಬರನ್ನೂ ಬಿಡಬಾರದು ಎಂದು ಕಾರ್ಯದರ್ಶಿ ಡಾಕ್ಟರು ಹೇಳಿದರು. ನಾವೆಲ್ಲ ಹೌದು ಹೌದು ಎಂದೆವು.

ಆಗ ಸಿಸ್ಟರ್ ಕೇಳಿದರು: "ಎಲ್ಲಾ ಡಾಕ್ಟ್ರೂ ಇಲ್ಲಿ ಬಂದು ಕೂತ್ರೆ ಅಲ್ಲಿ ಯಾರಿರ್ತಾರೆ ಸರ್? ಹಾವು ಕಡಿದವರಿಗೆ ಸೋಮವಾರ ಬನ್ನಿ ಅಂತ ಹೇಳಿ ಕಳಿಸೋದಾ?"

ಉತ್ತರ ಯಾರ ಹತ್ತಿರವೂ ಇರಲಿಲ್ಲ. ಇದು ಅವರು ಚುಚ್ಚಿ ಆಡಿದ ಮಾತಲ್ಲ. ಆ ಎರಡು ರಾತ್ರಿ ವಾರ್ಡಿನಲ್ಲಿ ಇರಬೇಕಾದವರು ಅವರೇ. ಅದಕ್ಕೇ ಕೇಳಿದರು.

ಈ ಪ್ರಶ್ನೆ ದೊಡ್ಡ ಊರಲ್ಲಿ ಏಳುವುದಿಲ್ಲ. ಬೆಂಗಳೂರಿನಲ್ಲಿ ಐನೂರು ಡಾಕ್ಟರು ಸಮ್ಮೇಳನಕ್ಕೆ ಹೋದರೂ ಊರಿಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಜಿಲ್ಲೆಗೆ 12 ತಾಲ್ಲೂಕು. ಕರಾವಳಿಯಲ್ಲಿ ಐದು, ಘಟ್ಟದ ಮೇಲೆ ಏಳು. ನಡುವೆ ದೇವಿಮನೆ, ಅರಬೈಲು, ಅಣಶಿ ಅಂತ ಘಟ್ಟಗಳು. ರಾತ್ರಿ ಹೊತ್ತು ತುರ್ತು ವಿಭಾಗದಲ್ಲಿ ಒಬ್ಬರೇ ಡಾಕ್ಟರು ಇರುವ ಆಸ್ಪತ್ರೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಒಬ್ಬರು ಹೊರಟರೆ ಆ ರಾತ್ರಿ ಅಷ್ಟೂ ಹಳ್ಳಿಗಳಿಗೆ ದಿಕ್ಕಿಲ್ಲ.

ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ತುರ್ತು ಚಿಕಿತ್ಸೆಗೆ ಬೇರೆಯೇ ಎಂ.ಡಿ. ಪದವಿ ಅಂತ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಅದನ್ನು ಓದಿದವರು ದೊಡ್ಡ ಆಸ್ಪತ್ರೆಗಳಲ್ಲೇ ಜಾಸ್ತಿ. ತಾಲ್ಲೂಕಿನಲ್ಲಿ ಈ ಕೆಲಸ ಮಾಡುವವರು ನನ್ನಂಥ ಫಿಸಿಶಿಯನ್, ಅರಿವಳಿಕೆ ಡಾಕ್ಟರು, ಸರ್ಜನ್, ಎಂಬಿಬಿಎಸ್ ಮುಗಿಸಿ ಡ್ಯೂಟಿಗೆ ಬಂದ ಹುಡುಗ ಹುಡುಗಿಯರು. ಅವರೆಲ್ಲರ ಜೊತೆ ಸಿಸ್ಟರ್‌ಗಳು. ಇವರಿಗೇ ಸಮ್ಮೇಳನ ಬೇಕಾಗಿರುವುದು. ಇವರೇ ಆಸ್ಪತ್ರೆ ಬಿಟ್ಟು ಬರಲು ಆಗದವರು.

ನಮ್ಮ ಜಿಲ್ಲೆಯ ಜನಕ್ಕೆ ಇದು ಎಷ್ಟು ಸೂಕ್ಷ್ಮದ ವಿಷಯ ಅಂತ ಹೊರಗಿನವರಿಗೆ ಹೇಳಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜನ ಹೋದರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂಬ ಕೂಗು ಆಗ ಮನೆಮನೆಯಿಂದ ಎದ್ದಿತು. ಇಲ್ಲಿ ಈಗಲೂ ಗಂಭೀರ ರೋಗಿ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಇಂಥ ಕಡೆ ಡಾಕ್ಟರೆಲ್ಲ ಸಮ್ಮೇಳನಕ್ಕೆ ಹೋಗಿದ್ದಾರೆ ಎಂದು ಒಂದು ಮನೆಯವರಾದರೂ ಹೇಳುವ ಹಾಗಾದರೆ ನಾವು ತಲೆ ಎತ್ತಿ ತಿರುಗುವುದು ಹೇಗೆ?

ಡ್ರಾಯಿಂಗ್ ಶೀಟು

ಎರಡನೇ ಸಭೆಗೆ ಸಿಸ್ಟರ್ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಸುರುಳಿ ಸುತ್ತಿಕೊಂಡು ಬಂದರು. ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದಿದ್ದರಲ್ಲಿ ಉಳಿದದ್ದು. ಎಡಗಡೆ ಉದ್ದಕ್ಕೆ 12 ತಾಲ್ಲೂಕು. ಮೇಲೆ ಅಡ್ಡಕ್ಕೆ ಶನಿವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಭಾನುವಾರವೂ ಹಾಗೇ. ನೀಲಿ ಪೆನ್ನಲ್ಲಿ ಬರೆದದ್ದು ಆಸ್ಪತ್ರೆಯಲ್ಲಿ ಉಳಿಯುವವರ ಹೆಸರು. ಕೆಂಪಲ್ಲಿ ಬರೆದದ್ದು ಸಮ್ಮೇಳನಕ್ಕೆ ಬರುವವರದ್ದು. ನೀಲಿ ಇಲ್ಲದ ಖಾನೆಗೆ ಪೆನ್ಸಿಲಿನಲ್ಲಿ ಸೊನ್ನೆ. ಗೋಡೆಗೆ ಒರಗಿಸಿ ಹಿಡಿದಾಗ ಸೊನ್ನೆಗಳೇ ಎದ್ದು ಕಾಣುತ್ತಿದ್ದವು.

ಅವತ್ತಿಂದ ನಮ್ಮ ಸಮಿತಿಯ ನಿಜವಾದ ಕೆಲಸ ಆ ಸೊನ್ನೆಗಳನ್ನು ಅಳಿಸುವುದೇ ಆಯಿತು. ಜಾಗ, ತಾರೀಖು, ವಿಷಯ ಎಲ್ಲವೂ ಆ ಹಾಳೆಯಿಂದಲೇ ತೀರ್ಮಾನ ಆದವು.

ಜಾಗ ಸುಲಭವಾಗಿ ಮುಗಿಯಿತು. ಕುಮಟಾ. ಶಿರಸಿಯಿಂದ ಸುಮಾರು 60 ಕಿ.ಮೀ., ಕಾರವಾರದಿಂದ 70ರ ಆಸುಪಾಸು, ಭಟ್ಕಳದಿಂದಲೂ ಸುಮಾರು 60. ಬೆಂಗಳೂರಿನ ಉಪನ್ಯಾಸಕರು ಪಂಚಗಂಗಾ ರೈಲಲ್ಲಿ ಬಂದು ಬೆಳಿಗ್ಗೆ ಇಳಿಯಬಹುದು. ಅದಕ್ಕಿಂತ ಮುಖ್ಯ, ಏನಾದರೂ ಆದರೆ ನಮ್ಮವರು ಎದ್ದು ತಮ್ಮ ಆಸ್ಪತ್ರೆಗೆ ಓಡಬಹುದು. ರೆಸಾರ್ಟ್ ಬಿಟ್ಟು ಒಂದು ಸಾದಾ ಸಭಾಭವನ ಹಿಡಿದೆವು.

ತಾರೀಖು ಕಷ್ಟ ಆಯಿತು. ಮಳೆಗಾಲದ ಮಾತೇ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು. (ಟೋಲ್ ಗೇಟಿನ ಶಿರೂರು ಬೈಂದೂರಿನ ಹತ್ತಿರದ್ದು, ಇದು ಬೇರೆ. ಎರಡೂ ಶಿರೂರು, ಎರಡೂ ಜುಲೈ.) ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ದೇವಿಮನೆ ಘಟ್ಟದಲ್ಲಿ ಮಳೆಗಾಲದಲ್ಲಿ ಮಣ್ಣು ಜರಿದು ರಸ್ತೆ ಬಂದ್ ಆಗುವುದು ನಮಗೆ ಹೊಸದಲ್ಲ. ನವೆಂಬರ್, ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು, ಮರದಿಂದ ಬೀಳುವವರು ಜಾಸ್ತಿ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ವರ್ಷ ಆ ವಾರಗಳಲ್ಲಿ ಶಿರಸಿಯಿಂದ ಒಬ್ಬ ಡಾಕ್ಟರನ್ನೂ ಕದಲಿಸುವ ಹಾಗಿಲ್ಲ. ಬೇಸಿಗೆ ಹತ್ತಿರವಾದಂತೆ ಸಿದ್ದಾಪುರದ ಕಡೆ ಮಂಗನ ಕಾಯಿಲೆ. ಕೊನೆಗೆ ಜನವರಿಯ ಒಂದು ಶನಿವಾರ, ಭಾನುವಾರ ಸಿಕ್ಕಿತು. ಅದೂ ಪೂರ್ತಿ ನಿಶ್ಚಿಂತೆಯ ಕಾಲ ಅಂತ ಹೇಳಲಾರೆ. ಇದ್ದುದರಲ್ಲಿ ವಾಸಿ, ಅಷ್ಟೇ.

ಇಷ್ಟಾದರೂ ಸೊನ್ನೆಗಳು ಉಳಿದೇ ಇದ್ದವು. ಆಗ ಅರಿವಳಿಕೆಯ ಡಾಕ್ಟರೊಬ್ಬರು ಒಂದು ದಾರಿ ಹೇಳಿದರು. ಎರಡು ದಿನಕ್ಕೆ ಎರಡು ಬೇರೆ ಕಾರ್ಯಕ್ರಮ ಏಕೆ? ಒಂದೇ ಕಾರ್ಯಕ್ರಮವನ್ನು ಎರಡು ಸಲ ಮಾಡೋಣ. ಶನಿವಾರ ಪ್ರತಿ ಆಸ್ಪತ್ರೆಯ ಅರ್ಧ ಜನ ಬರಲಿ, ಭಾನುವಾರ ಉಳಿದರ್ಧ.

ನನಗೆ ಆ ಕ್ಷಣವೇ ಇದು ಸರಿ ಅನ್ನಿಸಿತು. ಆದರೆ ಉಪನ್ಯಾಸಕರಿಗೆ ಹೇಳುವುದು ಸುಲಭ ಇರಲಿಲ್ಲ. ಒಂದೇ ಪಾಠವನ್ನು ಎರಡು ದಿನ ಹೇಳಬೇಕು, ಅದೂ ಪ್ರತಿ ದಿನ ಅರ್ಧ ಸಭೆಗೆ. ಇಬ್ಬರು ದೊಡ್ಡ ಹೆಸರಿನವರು ಬರಲಾರೆ ಎಂದರು. ಅವರಿಗೆ ಎರಡು ದಿನ ಬಿಡುವಿರಲಿಲ್ಲ, ತಪ್ಪು ಹೇಳುವ ಹಾಗಿಲ್ಲ. ಬಂದವರಲ್ಲಿ ಒಬ್ಬರು, ಮಂಗಳೂರಿನ ಪ್ರೊಫೆಸರ್, ನನ್ನ ಫೋನಿಗೆ ಹೇಳಿದ ಮಾತು ಇನ್ನೂ ನೆನಪಿದೆ: "ವಾರ್ಡಿನಲ್ಲಿ ಒಂದೇ ಪಾಠ ನೂರು ಸಲ ಹೇಳ್ತೀನಿ ಕಣಮ್ಮ, ನಿಮ್ಮೂರಲ್ಲಿ ಎರಡು ಸಲ ಹೇಳೋಕೆ ಏನು ಕಷ್ಟ?"

ಅರ್ಧ ಮಾಡಿದರೂ ಒಬ್ಬರೇ ಡಾಕ್ಟರು ಇರುವ ಕಡೆ ಅರ್ಧ ಅಂತ ಇಲ್ಲವಲ್ಲ. ಅಲ್ಲಿಗೆ ಹೊರಗಿನಿಂದ ಬದಲಿ ಬೇಕು. ನಮ್ಮ ಜಿಲ್ಲೆಯವರೇ ಆಗಿ ಹುಬ್ಬಳ್ಳಿ, ಶಿವಮೊಗ್ಗ, ಉಡುಪಿ ಕಡೆ ಕೆಲಸದಲ್ಲಿರುವ ಡಾಕ್ಟರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಸಮ್ಮೇಳನಕ್ಕೆ ಬನ್ನಿ ಎಂದು ಕರೆಯಲಿಲ್ಲ. ಒಂದು ದಿನ ಊರಿಗೆ ಬಂದು ಡ್ಯೂಟಿ ಮಾಡಿಕೊಡಿ ಎಂದು ಕೇಳಿದೆವು. ಇಷ್ಟು ಜನ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಅಪ್ಪ ಅಮ್ಮ ಇನ್ನೂ ಊರಲ್ಲಿ ಇದ್ದಾರೆ, ಅವರನ್ನೂ ನೋಡಿದ ಹಾಗೆ ಆಗುತ್ತದೆ ಎಂದು ಒಬ್ಬರು. ತನ್ನ ಅಜ್ಜನನ್ನು ಹಾವು ಕಡಿದಾಗ ರಾತ್ರಿ ಡಾಕ್ಟರೇ ಇರಲಿಲ್ಲ, ಆ ಡ್ಯೂಟಿ ನನಗೇ ಕೊಡಿ ಎಂದು ಇನ್ನೊಬ್ಬಳು.

ಸರ್ಕಾರಿ ಆಸ್ಪತ್ರೆಯಲ್ಲಿ ಹೊರಗಿನವರು ಸುಮ್ನೆ ಹೋಗಿ ಕೂರುವ ಹಾಗಿಲ್ಲ. ಸರ್ಕಾರಿ ಸೇವೆಯಲ್ಲಿರುವವರು ಸರ್ಕಾರಿ ಆಸ್ಪತ್ರೆಗೆ, ಅದಕ್ಕೆ ಬರಹದ ಆದೇಶ. ಖಾಸಗಿಯವರು ನರ್ಸಿಂಗ್ ಹೋಂಗಳಿಗೆ. ಕಾಗದಪತ್ರಕ್ಕೇ ಎರಡು ತಿಂಗಳು ಹಿಡಿಯಿತು. ಇಂಥ ಕೆಲಸ ಮಾಡುವವರು ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಸಭಾಭವನ ಗೊತ್ತು ಮಾಡುವ ಮೊದಲೇ ಅರ್ಜಿ ಕೊಡಿ.

ಯಾವ ಪಾಠ?

ವಿಜ್ಞಾನ ಸಮಿತಿಯ ಮೊದಲ ಪಟ್ಟಿ ಚೆನ್ನಾಗೇ ಇತ್ತು. ಆದರೆ ಅದರಲ್ಲಿ ಅರ್ಧ ಭಾಗ ನಮ್ಮಲ್ಲಿ ಇಲ್ಲದ ಯಂತ್ರಗಳ ಬಗ್ಗೆ. ಸಿಸ್ಟರ್ ಹಾಳೆ ನೋಡಿದ ಮೇಲೆ ನಾವು ಇನ್ನೊಂದು ಪ್ರಶ್ನೆ ಹಾಕಿಕೊಂಡೆವು. ಹೋದ ವರ್ಷ ನಮ್ಮ ತುರ್ತು ವಿಭಾಗದ ಬಾಗಿಲಿಗೆ ಬಂದವರು ಯಾರು?

ಹಾವು ಕಡಿದವರು. ಸಮುದ್ರದಲ್ಲಿ ಮುಳುಗಿದವರು. ಹೆದ್ದಾರಿಯಲ್ಲಿ ಬಿದ್ದವರು. ಅಡಿಕೆ ಮರದಿಂದ ಬಿದ್ದ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು. ಬೇಸಿಗೆಯಲ್ಲಿ ಉಣುಗು (ಉಣ್ಣೆ ಹುಳ) ಕಚ್ಚಿ ಮಂಗನ ಕಾಯಿಲೆ ಹಿಡಿದವರು. ಅದು ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹೀಗೆ ಪಟ್ಟಿ ತಾನಾಗಿ ತಯಾರಾಯಿತು.

ಕೊನೆಗೌಡರ ಪಾಠಕ್ಕೆ ಹೊಸ ರೂಪ ಬಂದದ್ದು ಒಬ್ಬ ಆಂಬುಲೆನ್ಸ್ ಚಾಲಕರಿಂದ. ಬೆನ್ನುಮೂಳೆಗೆ ಪೆಟ್ಟಾದವರನ್ನು ಅಲುಗಿಸದೆ ಎತ್ತಬೇಕು ಅಂತ ಎಲ್ಲರಿಗೂ ಗೊತ್ತು. "ತೋಟದಿಂದ ರಸ್ತೆಗೆ ತರೋದು ಹೇಗೆ ಅಂತ ಹೇಳಿಕೊಡಿ ಮೇಡಂ" ಎಂದರು ಅವರು. ತೋಟದಲ್ಲಿ ನೀರು ಹರಿಯುವ ಕಾದಿಗೆ ಇರುತ್ತದೆ, ದಾಟಲು ಒಂದು ಸಂಕ (ಕಾಲುಸೇತುವೆ), ಕೆಲವು ಕಡೆ ಎರಡೇ ಅಡಿಕೆ ಮರದ್ದು. ಅಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ಕೊನೆಗೆ ಏಣಿಯ ಮೇಲೆ ಕಂಬಳಿ ಹಾಸಿ, ಕುತ್ತಿಗೆಯ ಎರಡೂ ಬದಿ ಮಡಿಸಿದ ಪಂಚೆ ಇಟ್ಟು, ಹಣೆಗೂ ಎದೆಗೂ ಬಟ್ಟೆ ಕಟ್ಟಿ ಆರು ಜನ ಹೊರುವುದನ್ನು ಸಭಾಭವನದ ಅಂಗಳದಲ್ಲಿ ಮಾಡಿಸಿದೆವು. ಅದನ್ನು ಹೇಳಿಕೊಟ್ಟವರು ಅದೇ ಚಾಲಕರು. ಮುಳುಗಿದವರಿಗೆ ಮೊದಲು ಉಸಿರು ಕೊಡಬೇಕು, ಎದೆ ಒತ್ತುವುದು ಆಮೇಲೆ ಎನ್ನುವುದನ್ನು ತೋರಿಸಲು ಬೀಚಿನ ಜೀವರಕ್ಷಕ ಹುಡುಗರು ಬಂದರು.

ಗಾಜಿನ ಕೊಳವೆ

ಹಾವು ಕಡಿತದ ಕಾರ್ಯಾಗಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಮನಸ್ಸಿಗೆ ಹತ್ತಿರವಾದದ್ದು ಅದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಸಾರಿತು. ಅಂದರೆ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು. ಕಾಗದದ ಮೇಲೆ ಬರುವುದಕ್ಕೆ ಮೊದಲು ರೋಗಿ ಉಳಿಯಬೇಕಲ್ಲ?

ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅಡಿಕೆ ತೋಟದಲ್ಲಿ, ದರಕಿನ (ಒಣ ಎಲೆಯ) ಅಡಿಯಲ್ಲಿ ಮಲಗಿರುವ ಗೂನು ಮೂಗಿನ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಔಷಧ ಕೊಡುವ ಮೊದಲು ವಿಷ ರಕ್ತಕ್ಕೆ ಏನಾದರೂ ಮಾಡಿದೆಯೇ ಅಂತ ನೋಡಬೇಕು. ಅದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಗಾಜಿನ ಕೊಳವೆ, ಒಂದು ಗಡಿಯಾರ ಸಾಕು. ರೋಗಿಯ ರಕ್ತ ಎರಡು ಮಿಲಿ ತೆಗೆದು ಹೊಸದಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡುವುದು. ಆಮೇಲೆ ಒಂದೇ ಸಲ ಬಗ್ಗಿಸುವುದು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ.

ಸಭೆಗೆ ಒಂದು ವಾರ ಇರುವಾಗ ಸಾಮಾನಿನ ಪೆಟ್ಟಿಗೆ ಬಂತು. ತೆಗೆದು ನೋಡಿದರೆ ಎಲ್ಲ ಪ್ಲಾಸ್ಟಿಕ್. ಗಾಜಿನದ್ದು ಎಂದು ಸ್ಪಷ್ಟವಾಗಿ ಬರೆದು ಕಳಿಸಿದ್ದೆವು. ಸರಬರಾಜಿನವರು "ಎರಡೂ ಒಂದೇ ಅಲ್ವಾ ಮೇಡಂ, ಇದು ಒಡೆಯೋದೂ ಇಲ್ಲ" ಎಂದರು. ಒಂದೇ ಅಲ್ಲ. ರಕ್ತ ಹೆಪ್ಪುಗಟ್ಟಲು ಗಾಜಿನ ಮೈ ಚುರುಕು ಕೊಡುತ್ತದೆ, ಪ್ಲಾಸ್ಟಿಕ್ ಕೊಡುವುದಿಲ್ಲ. ಸೋಪಿನಲ್ಲಿ ತೊಳೆದ ಗಾಜೂ ಕೆಲಸ ಕೆಡಿಸುತ್ತದೆ.

ನನಗೆ ಸಿಟ್ಟು ಬಂತು. ಸಿಸ್ಟರ್‌ಗೆ ಬರಲಿಲ್ಲ. "ಇದನ್ನೇ ತೋರಿಸೋಣ ಮೇಡಂ. ನಮ್ಮ ಆಸ್ಪತ್ರೆಗಳಿಗೂ ಹೀಗೇ ಬಂದಿರ್ತದೆ" ಎಂದರು.

ಹಾಗೇ ಮಾಡಿದೆವು. ಶಿರಸಿಯಲ್ಲಿ ಹೊಸ ಗಾಜಿನ ಕೊಳವೆ ಹುಡುಕಿ ತಂದೆವು. ಕಾರ್ಯಾಗಾರದ ಮೇಜಿನ ಮೇಲೆ ಮೂರು ಕೊಳವೆ ನಿಂತವು: ಹೊಸ ಗಾಜು, ಪ್ಲಾಸ್ಟಿಕ್, ಸೋಪಿನಲ್ಲಿ ತೊಳೆದ ಗಾಜು. ಸಿಸ್ಟರ್ ತಮ್ಮ ತೋಳನ್ನೇ ಒಡ್ಡಿದರು. ಮೂರಕ್ಕೂ ಎರಡೆರಡು ಮಿಲಿ ರಕ್ತ ಹಾಕಿ ಗಡಿಯಾರ ಇಟ್ಟೆವು. ಆ 20 ನಿಮಿಷ ಪಾಠ ನಿಲ್ಲಿಸಿದೆವು. ಕಾಯುವುದೇ ಪಾಠ. ರಾತ್ರಿ ಎರಡು ಗಂಟೆಗೆ ರೋಗಿಯ ಮನೆಯವರು ತಲೆಯ ಮೇಲೆ ನಿಂತು ಕೂಗುವಾಗ 20 ನಿಮಿಷ ಎಷ್ಟು ಉದ್ದ ಅಂತ ಡ್ಯೂಟಿ ಮಾಡಿದವರಿಗೆ ಗೊತ್ತು. ಎಷ್ಟೋ ಜನ ಹತ್ತಕ್ಕೇ ಎತ್ತಿ ಅಲುಗಿಸಿಬಿಡುತ್ತಾರೆ. ಗಡಿಯಾರ ಹೊಡೆದಾಗ ಸಿಸ್ಟರ್ ಒಂದೊಂದನ್ನೇ ಬಗ್ಗಿಸಿದರು. ಹೊಸ ಗಾಜಿನದ್ದು ಮೊಸರಿನ ಹಾಗೆ ನಿಂತಿತ್ತು. ಪ್ಲಾಸ್ಟಿಕ್ಕಿನದ್ದು ಹರಿಯಿತು. ಸೋಪಿನದ್ದೂ ಹರಿಯಿತು. ಹಾವೇ ಕಡಿಯದ, ಆರೋಗ್ಯವಾಗಿರುವ ಹೆಂಗಸಿನ ರಕ್ತ ಅದು. ಇದನ್ನು ನಂಬಿದ್ದರೆ ಅವರಿಗೆ ಬೇಡದ ಔಷಧ ಹತ್ತು ಬಾಟಲಿ ಹೋಗುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಡಾಕ್ಟರು ಎದ್ದು, ತಮ್ಮ ಆಸ್ಪತ್ರೆಯಲ್ಲಿರುವುದು ಯಾವುದು ಅಂತ ಅಲ್ಲಿಂದಲೇ ಫೋನ್ ಮಾಡಿ ಕೇಳಿದರು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಔಷಧ ಕಂಪನಿಗಳ ನಡವಳಿಕೆಗೆ ಸಂಬಂಧಿಸಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊಸ ಸಂಹಿತೆ ತಂದಿದೆ. ಡಾಕ್ಟರಿಗೆ ಉಡುಗೊರೆ ಇಲ್ಲ. ಪ್ರಯಾಣ, ಹೋಟೆಲ್ ಖರ್ಚು ಉಪನ್ಯಾಸ ಕೊಡುವವರನ್ನು ಬಿಟ್ಟು ಬೇರೆಯವರಿಗೆ ಇಲ್ಲ, ಮನೆಯವರಿಗಂತೂ ಇಲ್ಲವೇ ಇಲ್ಲ. ನಾವು ಅದಕ್ಕೆ ಸರಿಯಾಗಿ ನಡೆದುಕೊಂಡೆವು. ಮಳಿಗೆಗೆ ಜಾಗ ಕೊಟ್ಟು ರಸೀದಿ ಹರಿದೆವು, ಬ್ಯಾಗು ಹಂಚಲಿಲ್ಲ. ಸಿಸ್ಟರ್‌ಗಳಿಗೆ, ಆಂಬುಲೆನ್ಸ್‌ನವರಿಗೆ ಶುಲ್ಕ ಇಡಲಿಲ್ಲ. ಡಾಕ್ಟರ ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ ಇಂಥ ಸಮ್ಮೇಳನಗಳಿಂದ ಸಿಗುವ 30 ಕ್ರೆಡಿಟ್ ಗಂಟೆ ಬೇಕು, ಹಾಗಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಮುಂಚೆಯೇ ಅರ್ಜಿ ಹಾಕಿದ್ದೆವು. ಊಟಕ್ಕೆ ಒಂದು ದಿನ ಮೀನು, ಎರಡೂ ದಿನ ಅಪ್ಪೆಹುಳಿ, ಕುಡಿದರೆ ನಿದ್ದೆ ಎಳೆಯುವ ನಮ್ಮ ಕಡೆಯ ಮಾವಿನಕಾಯಿ ಸಾರು. ಅಪ್ಪೆಹುಳಿ ಕುಡಿದು ಮಂಗಳೂರಿನ ಪ್ರೊಫೆಸರ್ ಮಧ್ಯಾಹ್ನದ ಪಾಠಕ್ಕೆ ಹತ್ತು ನಿಮಿಷ ತಡವಾಗಿ ಎದ್ದರು, ನಾನೇ ಎಬ್ಬಿಸಬೇಡಿ ಎಂದಿದ್ದೆ. ಅವರು ಹಿಂದಿನ ರಾತ್ರಿ ಪೂರ್ತಿ ಪ್ರಯಾಣ ಮಾಡಿದ್ದರು.

ನಾಲ್ಕು ಗಂಟೆ

ಶನಿವಾರ ಎಲ್ಲ ಹಾಳೆಯಲ್ಲಿದ್ದಂತೆ ನಡೆಯಿತು. ಭಾನುವಾರ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ತಪ್ಪಿತು. ಊರಿನ ಹೆಸರು ಬರೆಯುವುದಿಲ್ಲ, ತಪ್ಪು ಆ ಊರಿನದ್ದಲ್ಲ.

ಅಲ್ಲಿ ಬೆಳಿಗ್ಗೆ 8ಕ್ಕೆ ಬದಲಿ ಡಾಕ್ಟರು ಬರಬೇಕಿತ್ತು. ಹುಬ್ಬಳ್ಳಿ ಕಡೆಯಿಂದ ಕಾರಿನಲ್ಲಿ ಹೊರಟಿದ್ದರು. ಅರಬೈಲು ಘಟ್ಟದಲ್ಲಿ ಲಾರಿ ಮಗುಚಿ ರಸ್ತೆ ಕಟ್ಟಿಹೋಗಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಸಿಗಲಿಲ್ಲ. ರಾತ್ರಿ ಡ್ಯೂಟಿ ಮಾಡಿದ ಡಾಕ್ಟರು, ಇನ್ನೇನು ಬಂದೇ ಬಿಡುತ್ತಾರೆ ಎಂದುಕೊಂಡು 8 ಗಂಟೆಗೆ ಕುಮಟಾಕ್ಕೆ ಹೊರಟರು. ಅವತ್ತು ಅವರ ಸರದಿ. ಬಂದು ಸಭೆಯಲ್ಲಿ ಕೂತು ಎಲ್ಲರ ಹಾಗೆ ಫೋನ್ ಸೈಲೆಂಟ್ ಮಾಡಿದರು.

9 ಗಂಟೆಗೆ ಎಲ್ಲ ಕಡೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವ ಕೆಲಸ ನನ್ನದಾಗಿತ್ತು. ಆ ಬದಲಿ ಡಾಕ್ಟರ ಫೋನ್ ವ್ಯಾಪ್ತಿ ಪ್ರದೇಶದ ಹೊರಗಿದೆ ಎಂದಿತು. ವಾರ್ಡಿನ ಒಳಗೆ ನೆಟ್‌ವರ್ಕ್ ಇಲ್ಲದಿರಬೇಕು ಎಂದುಕೊಂಡು ಆ ಖಾನೆಗೆ ಗುರುತು ಹಾಕಿದೆ. ಬದಲಿಯವರು ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ 12 ಗಂಟೆ. ಅವರೇ ಫೋನ್ ಮಾಡಿ ಹೇಳಿದಾಗ ನಮಗೆ ಗೊತ್ತಾಯಿತು.

ಆ ನಾಲ್ಕು ಗಂಟೆ ಅಲ್ಲಿ ಇದ್ದವರು ಒಬ್ಬರೇ ಸಿಸ್ಟರ್. ಒಬ್ಬ ಮೀನುಗಾರ ಕೈಗೆ ಗಾಳ ಚುಚ್ಚಿಸಿಕೊಂಡು ಬಂದರು. ಅವರನ್ನು ಕೂರಿಸಿದ್ದಾಗಲೇ ಜ್ವರದಿಂದ ಫಿಟ್ಸ್ ಬಂದ ಮಗುವನ್ನು ತಾಯಿ ಎತ್ತಿಕೊಂಡು ಓಡಿ ಬಂದರು. ಸಿಸ್ಟರ್ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿ ಒರೆಸಿ, ಆಕ್ಸಿಜನ್ ಹಿಡಿದರು. ಹೊರಟುಹೋದ ಡಾಕ್ಟರಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಫಿಟ್ಸ್ ತಾನಾಗಿ ನಿಂತಿತು. 108ಕ್ಕೆ ಹೇಳಿ ಹತ್ತಿರದ ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ಕಳಿಸಿದರು. ಮಗು ಚೆನ್ನಾಗಿದೆ. ಆದರೆ ಫಿಟ್ಸ್ ನಿಲ್ಲದೇ ಹೋಗಿದ್ದರೆ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಮುಗಿದ ಮೇಲೆ ಕಾರ್ಯದರ್ಶಿ ಡಾಕ್ಟರು, ನಾನು, ನಮ್ಮ ಸಿಸ್ಟರ್ ಹಾಳೆಯನ್ನು ನೆಲದ ಮೇಲೆ ಹಾಸಿಕೊಂಡು ಕೂತೆವು. ಎರಡು ತಪ್ಪು ಕಂಡವು. ಬದಲಿಯವರು ಬಂದು ಸಹಿ ಹಾಕುವವರೆಗೆ ಇದ್ದವರು ಹೊರಡಬಾರದು ಎಂದು ನಾವು ಎಲ್ಲೂ ಬರೆದಿರಲಿಲ್ಲ. ಹೇಳದಿದ್ದರೂ ಗೊತ್ತಿರುತ್ತದೆ ಎಂದುಕೊಂಡಿದ್ದೆವು. ಇನ್ನೊಂದನ್ನು ನಮ್ಮ ಸಿಸ್ಟರೇ ತೋರಿಸಿದರು. ಅಷ್ಟು ದೊಡ್ಡ ಹಾಳೆಯಲ್ಲಿ ನೀಲಿಯಲ್ಲೂ ಕೆಂಪಲ್ಲೂ ಬರೀ ಡಾಕ್ಟರ ಹೆಸರು. ಆಸ್ಪತ್ರೆಯಲ್ಲಿ ಖಂಡಿತ ಇದ್ದೇ ಇರುವವರ ಹೆಸರಾಗಲಿ ಫೋನ್ ನಂಬರಾಗಲಿ ಒಂದೂ ಇರಲಿಲ್ಲ. ಇದ್ದಿದ್ದರೆ 9 ಗಂಟೆಗೇ ಆ ಸಿಸ್ಟರ್‌ಗೆ ಫೋನ್ ಮಾಡುತ್ತಿದ್ದೆ, ಒಂದು ಗಂಟೆಯೊಳಗೆ ಕುಮಟಾದಿಂದ ಒಬ್ಬರನ್ನು ಕಳಿಸುತ್ತಿದ್ದೆವು.

"ನಾವು ಹೇಗೂ ಇರ್ತೀವಲ್ಲ, ಬರೆಯೋದು ಏನಕ್ಕೆ ಅಂತ ನಾನೂ ಅಂದ್ಕೊಂಡೆ ಮೇಡಂ" ಎಂದರು ನಮ್ಮ ಸಿಸ್ಟರ್. ಅವರ ಕಣ್ಣು ತುಂಬಿತ್ತು.

ಮುಂದಿನ ವಾರ ಕಾರ್ಯದರ್ಶಿಯವರೂ ನಾನೂ ಆ ಆಸ್ಪತ್ರೆಗೆ ಹೋದೆವು. ಅವತ್ತು ಒಬ್ಬರೇ ಇದ್ದ ಸಿಸ್ಟರ್ ಇಂಜೆಕ್ಷನ್ ಟ್ರೇ ಜೋಡಿಸುತ್ತಿದ್ದರು. ನಮ್ಮಿಂದ ತಪ್ಪಾಯಿತು ಎಂದೆವು. "ಇದನ್ನ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ ಸರ್, ಒಂದು ಫೋನ್ ಮಾಡಿದ್ರೆ ಸಾಕಿತ್ತು" ಎಂದರು. ನಿಮ್ಮ ನಂಬರ್ ನಮ್ಮ ಹತ್ತಿರ ಇರಲಿಲ್ಲ ಎಂದೆ ನಾನು.

ಅವರು ಟ್ರೇ ಪಕ್ಕಕ್ಕಿಟ್ಟು ಪೆನ್ನು ತೆಗೆದುಕೊಂಡರು. ನಮ್ಮ ಜೊತೆ ತಂದಿದ್ದ ಹೊಸ ಹಾಳೆಯಲ್ಲಿ ಒಂದು ಖಾನೆ ಖಾಲಿ ಬಿಟ್ಟಿದ್ದೆವು. ಮೊದಲು ತಮ್ಮ ಹೆಸರು, ನಂಬರ್ ಬರೆದರು. ಆಮೇಲೆ ಡ್ಯೂಟಿ ಪುಸ್ತಕ ತೆರೆದು ಆ ಆಸ್ಪತ್ರೆಯ ಉಳಿದ ಸಿಸ್ಟರ್‌ಗಳದ್ದನ್ನೂ ಒಂದೊಂದಾಗಿ ನೋಡಿ ಬರೆಯತೊಡಗಿದರು.